ಸೀನಿಗೊಂದು ಗುಳಿಗಿ
ಮಳೆ ಹಿಂದೆ ಸರಿದು ತಳಕಲ್ ಸುತ್ತಿನ ಬದುಗಳಲ್ಲಿ ಕಾಂಗ್ರೆಸ್ ಕಸ ಬಿಳಿ ಹೂ ಬಿಟ್ಟಿತೆಂದರೆ ಸೀನು, ಕಣ್ಣುರಿ ಶುರು. ಮೆಡಿಕಲ್‌ನಲ್ಲಿ ‘ಅಲರ್ಜಿ ಗುಳಿಗಿ’ ಎಂದರೆ ಸಾಕು, ಸೆಟಿರಿಜಿನ್ ಕೈಗೆ ಬರುತ್ತದೆ. ದೊಡ್ಡವರಿಗೆ ದಿನಕ್ಕೆ 10 ಮಿಲಿಗ್ರಾಂನದು ಒಂದೇ. ಸೀನು ನಿಲ್ಲಲಿಲ್ಲವೆಂದು ಇನ್ನೊಂದು ನುಂಗಿದರೆ ಹೆಚ್ಚುವುದು ನಿದ್ದೆ. ನುಂಗಿ ಟ್ರ್ಯಾಕ್ಟರ್ ಏರುವುದು, ಮೇಲೆ ಸೆರೆ ಕುಡಿಯುವುದು ಬೇಡವೇ ಬೇಡ. ನನಗೆ ಹೆಚ್ಚು ಅಂಜಿಕೆ ನೆಗಡಿ ಗುಳಿಗಿಯದು: ಬಹಳಷ್ಟರಲ್ಲಿ ಕ್ಲೋರ್‌ಫೆನಿರಮಿನ್ ಎಂಬ, ನಿದ್ದೆ ತರುವ ಇನ್ನೊಂದು ಅಲರ್ಜಿ ಔಷಧ ಅಡಗಿರುತ್ತದೆ, ಅಲರ್ಜಿ ಗುಳಿಗಿಯೂ ಜೊತೆಯಾದರೆ ಮಂಪರು ಎರಡು ಪಾಲು. ಪ್ರಾಸ್ಟೇಟ್ ಊದಿದ ಹಿರಿಯರಿಗೆ ಕ್ಲೋರ್‌ಫೆನಿರಮಿನ್‌ನಿಂದ ಮೂತ್ರವೇ ಕಟ್ಟೀತು. ಕ್ಲೋರ್‌ಫೆನಿರಮಿನ್, ಫಿನೈಲ್‌ಎಫ್ರಿನ್ ಬೆರೆತ ನೆಗಡಿ ಸಿರಪ್ಪನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಕೂಡದೆಂದು ಕೇಂದ್ರ ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ. ಕಿಡ್ನಿ ತೊಂದರೆ ಇದ್ದವರು ಸೆಟಿರಿಜಿನ್ ಎಷ್ಟು ತಗೊಳ್ಳಬೇಕೆಂದು ಡಾಕ್ಟರನ್ನೇ ಕೇಳಬೇಕು, ಅಂಗಡಿಯವನನ್ನಲ್ಲ.