ಮೂರೇ ದಿನಕ್ಕೆ ಮೊಡವೆ ಇಳಿಸುವ ಟ್ಯೂಬ್

‘ಮೊಡವಿಗೆ ಒಂದು ಛಲೋ ಟ್ಯೂಬ್ ಕೊಡ್ರಿ’ ಎಂದು ಔಷಧ ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವ ಮುಲಾಮಿನಲ್ಲಿ ಎರಡು ಜಾತಿ. ಒಂದು, ಮೊದಲ ವಾರಗಳಲ್ಲಿ ಮುಖ ಒಣಗಿಸಿ, ಸಿಪ್ಪೆ ಏಳಿಸಿ, ಎರಡು ಮೂರು ತಿಂಗಳಿಗೆ ಗುಣ ತೋರಿಸುವಂಥದ್ದು. ಅಡಾಪಲೀನ್, ಟ್ರೆಟಿನಾಯಿನ್, ಬೆಂಜಾಯಿಲ್ ಪೆರಾಕ್ಸೈಡ್ ಈ ಸಾಲಿನವು. ಇನ್ನೊಂದು, ಮೂರೇ ದಿನಕ್ಕೆ ಕೆಂಪು ಇಳಿಸಿ ಮುಖ ತಿಳಿಯಾಗಿಸಿ, ತಿಂಗಳುಗಟ್ಟಲೆ ಹಚ್ಚಿದ ಮೇಲೆ ಚರ್ಮವನ್ನೇ ಕೆಡಿಸುವಂಥದ್ದು: ಬೆಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್‌ನಂಥ ಸ್ಟೆರಾಯ್ಡ್. ಮೊದಲ ವಾರವೇ ಕನ್ನಡಿ ನೋಡಿ ತೀರ್ಪು ಕೊಡುವವರು ಸರಿಯಾದದ್ದನ್ನು ಎಸೆದು ತಪ್ಪಾದದ್ದನ್ನು ಉಳಿಸಿಕೊಳ್ಳುತ್ತಾರೆ. ಕಾನೂನು ವಿಶ್ವವಿದ್ಯಾಲಯವಿರುವ ಹುಬ್ಬಳ್ಳಿಯ ನವನಗರವಿರಲಿ, ಕೋಚಿಂಗ್ ಕ್ಲಾಸುಗಳ ಧಾರವಾಡವಿರಲಿ, ಹರೆಯದ ಮುಖಗಳೇ ತುಂಬಿರುವ ಊರುಗಳಲ್ಲಿ ಈ ಅವಸರಕ್ಕೆ ಗಿರಾಕಿ ಕಡಿಮೆಯಿಲ್ಲ.

ಇದು ಬರೀ ಊಹೆಯ ಮಾತಲ್ಲ. ದೇಶದ 12 ಚರ್ಮರೋಗ ಕೇಂದ್ರಗಳಲ್ಲಿ ಮುಖದ ತೊಂದರೆಗೆಂದು ಬಂದ 2,926 ಜನರನ್ನು ವಿಚಾರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 433 ಮಂದಿ ಮುಖಕ್ಕೆ ಸ್ಟೆರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅದನ್ನು ಹೇಳಿದವರು ವೈದ್ಯರೇ ಅಲ್ಲ. ಅತಿ ಹೆಚ್ಚು ಕಂಡ ದುಷ್ಪರಿಣಾಮ ಯಾವುದು ಗೊತ್ತೇ? ಮೊಡವೆ! ಬಾವು ಇಳಿಸುವ ಗುಣ ಸ್ಟೆರಾಯ್ಡ್‌ಗಿದೆ, ಆದರೆ ರಂಧ್ರ ಕಟ್ಟುವ ಮೂಲ ಕಾರಣವನ್ನು ಅದು ಮುಟ್ಟುವುದಿಲ್ಲ. ದಿನ ಕಳೆದಂತೆ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ, ಹೆಣ್ಣುಮಕ್ಕಳ ಮುಖದಲ್ಲೂ ಕೂದಲು ಮೂಡುತ್ತದೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಸ್ಟೆರಾಯ್ಡ್‌ಗಳ ಮುಲಾಮನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿ ಇಲ್ಲದೆ ಮಾರಕೂಡದು ಎಂದಿತು. ಆದೇಶ ಕಾಗದದ ಮೇಲಿದೆ. ಅದನ್ನು ಕೌಂಟರಿನ ಮೇಲೆ ತರಬೇಕಾದವರು ಔಷಧ ನಿಯಂತ್ರಣದವರು.

ಅಂಗಡಿಯವರ ಮಾತಿನಲ್ಲೂ ಹುರುಳಿಲ್ಲದಿಲ್ಲ: ಒಂದು ಮೊಡವೆಗೆಂದು ಯಾರು ಸ್ಪೆಷಲಿಸ್ಟ್ ಫೀಸು ಕೊಡುತ್ತಾರೆ? ನಿಜ, ಎಲ್ಲ ಮೊಡವೆಗೂ ತಜ್ಞರು ಬೇಕಿಲ್ಲ. ಆದರೆ ಬೇಕಾದವರಿಗೆ ಸರ್ಕಾರಿ ದಾರಿಯೂ ಇದೆ. ನವನಗರದಲ್ಲಿ ಚಿಗರಿ ಬಸ್ ಹತ್ತಿದರೆ ವಿದ್ಯಾನಗರದ ಸರ್ಕಾರಿ ಆಸ್ಪತ್ರೆ (ಮೊದಲಿನ ಕಿಮ್ಸ್, ಈಗಿನ ಕೆಎಂಸಿಆರ್‌ಐ) ದೂರವಲ್ಲ. ‘ಅಕ್ಕನಿಗೆ ಇದೇ ಟ್ಯೂಬ್ ಡಾಕ್ಟರೇ ಬರೆದಿದ್ದರು’ ಎಂಬುದು ಇನ್ನೊಂದು ವಾದ. ಬರೆದಿರಬಹುದು, ಇಸುಬಿಗೆ, ಕೆಲವೇ ದಿನಕ್ಕೆ. ಸ್ಟೆರಾಯ್ಡ್ ಕೆಟ್ಟ ಔಷಧವೆಂದು ಯಾರೂ ಹೇಳುತ್ತಿಲ್ಲ. ಒಬ್ಬರ ಇಸುಬಿನ ಮದ್ದು ಇನ್ನೊಬ್ಬರ ಮೊಡವೆಯ ಮದ್ದಲ್ಲ, ಅಷ್ಟೇ.

ಸರಿಯಾದ ಮುಲಾಮಿಗೂ ಶಿಸ್ತು ಬೇಕು. ಅಡಾಪಲೀನ್ ಹಚ್ಚುವುದಾದರೆ ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ರಾತ್ರಿ, ಒಣಗಿದ ಮುಖಕ್ಕೆ, ಮೊದಮೊದಲು ದಿನ ಬಿಟ್ಟು ದಿನ. ಮೊಡವೆಯ ಮೇಲಷ್ಟೇ ದಪ್ಪಗೆ ಮೆತ್ತಿದರೆ ಉರಿ ಹೆಚ್ಚುವುದೇ ಹೊರತು ಗುಣವಲ್ಲ. ಹಗಲಿಗೆ ಸನ್‌ಸ್ಕ್ರೀನ್ ಬೇಕು, ಗರ್ಭಿಣಿಯರು ಹಚ್ಚಲೇಬಾರದು. ಬೆಂಜಾಯಿಲ್ ಪೆರಾಕ್ಸೈಡ್ ಶೇ 2.5ರದ್ದೇ ಸಾಮಾನ್ಯವಾಗಿ ಶೇ 10ರದ್ದರಷ್ಟೇ ಕೆಲಸ ಮಾಡುತ್ತದೆ, ಉರಿ ಮಾತ್ರ ಕಡಿಮೆ. (ದಿಂಬಿನ ಬಣ್ಣ ಹೋದರೆ ಅಗಸರನ್ನು ಬೈಯಬೇಡಿ, ಅದು ಈ ಮುಲಾಮಿನ ಕರಾಮತ್ತು.) ಇದನ್ನು ಹಚ್ಚಿದ ಮೇಲೆ ಮುಖ, ತುಟಿ ಊದಿಕೊಂಡು ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಓಡಬೇಕು, ಇದು ಅಪರೂಪ, ಆದರೂ ಅಮೆರಿಕದ ಔಷಧ ಆಡಳಿತ 2014ರಲ್ಲೇ ಎಚ್ಚರಿಸಿದೆ, ಹೊಸ ಮುಲಾಮನ್ನು ಮೊದಲು ಮೂರು ದಿನ ಚೂರೇ ಜಾಗಕ್ಕೆ ಹಚ್ಚಿ ನೋಡಿ ಎಂದು.

ಇನ್ನು ಈಗಾಗಲೇ ಸ್ಟೆರಾಯ್ಡ್ ಹಚ್ಚುತ್ತಿರುವವರು. ಟ್ಯೂಬಿನ ಹಿಂದಿನ ಸಣ್ಣಕ್ಷರದಲ್ಲಿ ಬೆಟಾಮೆಥಸೋನ್, ಮೊಮೆಟಸೋನ್, ಕ್ಲೊಬೆಟಸಾಲ್ ಪೈಕಿ ಒಂದು ಹೆಸರು ಕಂಡರೆ ಗಾಬರಿಯಿಂದ ಎಸೆಯಬೇಡಿ. ತಿಂಗಳುಗಟ್ಟಲೆ ಹಚ್ಚಿ ತಟ್ಟನೆ ಬಿಟ್ಟರೆ ಮುಖ ಕೆಂಪಗೆ ಉರಿದು, ‘ಟ್ಯೂಬೇ ಛಲೋ ಇತ್ತು’ ಎನಿಸಿ ಜನ ಮತ್ತೆ ಅದಕ್ಕೇ ಮರಳುತ್ತಾರೆ. ಟ್ಯೂಬನ್ನು ಹಿಡಿದುಕೊಂಡೇ ಚರ್ಮದ ವೈದ್ಯರ ಬಳಿ ಹೋಗಿ. ಎಷ್ಟು ತಿಂಗಳಿಂದ ಹಚ್ಚುತ್ತಿದ್ದೀರಿ ಎಂದು ಅವರು ಕೇಳುತ್ತಾರೆ, ಮುಚ್ಚಿಡದೆ ಹೇಳಿ.