ಚಿತ್ರಕಥೆಯಲ್ಲಿ ಚಂದ್ರಯಾನ

ಚಿತ್ರಕಥೆಗಳನ್ನು ಓದಿದರೆ ಮಕ್ಕಳ ಭಾಷೆ ಕೆಡುವುದಿಲ್ಲವೇ ಎಂದು ಕುಮಾರಸ್ವಾಮಿ ಲೇಔಟಿನ ವಾಚಕಿಯೊಬ್ಬರು ಕೇಳಿದ್ದಾರೆ. ಕಥೆ ಸತ್ತ್ವಹೀನವಾದರೆ ಕೆಡುವುದು ದಿಟ. ಆದುದರಿಂದಲೇ ಆರಿಸಿ ಕೊಡುವ ಹೊಣೆ ಹಿರಿಯರದು.

ಬೆಲ್ಜಿಯಂ ದೇಶದ ಹೆರ್ಜೆ ರಚಿಸಿದ ಟಿನ್‌ಟಿನ್ ಮಾಲೆಯಲ್ಲಿ ಚಂದ್ರಯಾನದ ಎರಡು ಸಂಪುಟಗಳುಂಟು. ಅವು ಪುಸ್ತಕರೂಪದಲ್ಲಿ ಬಂದುದು 1953 ಮತ್ತು 1954ರಲ್ಲಿ. ಮಾನವನು ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ! ರಾಕೆಟ್ಟಿನ ಯಂತ್ರ ನಿಂತೊಡನೆ ಕ್ಯಾಪ್ಟನ್ ಹ್ಯಾಡಕ್ಕನ ಲೋಟದ ವಿಸ್ಕಿ ಉಂಡೆಗಟ್ಟಿ ತೇಲತೊಡಗುತ್ತದೆ. ಅದನ್ನು ನೋಡಿ ನಕ್ಕ ಹುಡುಗನು ‘ಏಕೆ ಹೀಗೆ?’ ಎಂದು ಕೇಳದಿರಲಾರ. ಆ ಪ್ರಶ್ನೆಯಿಂದಲೇ ವಿಜ್ಞಾನದ ಪಾಠ ಆರಂಭವಾಗುತ್ತದೆ.

ನಮ್ಮ ನಗರದ ಕೊಡುಗೆಯೂ ಉಂಟು. 2006ರಲ್ಲಿ ಪ್ರಕಟವಾದ ‘ರಾಮಾಯಣ್ 3392 ಎ.ಡಿ.’ ವರ್ಜಿನ್ ಕಾಮಿಕ್ಸ್ ಸಂಸ್ಥೆಯ ಬೆಂಗಳೂರು ಚಿತ್ರಶಾಲೆಯಲ್ಲಿ ರೂಪುಗೊಂಡಿತು. ರಾಮಕಥೆಯನ್ನು ಅಣುಯುದ್ಧದ ತರುವಾಯದ ಭವಿಷ್ಯತ್ತಿಗೆ ಒಯ್ದ ಈ ಕೃತಿಗೆ ಅಭಿಷೇಕ್ ಸಿಂಗ್ ಅವರ ಕುಂಚ ಉಜ್ಜ್ವಲವಾದ ರೂಪ ಕೊಟ್ಟಿದೆ. ಕಾಳಗದ ಚಿತ್ರಗಳು ಉಗ್ರವಾಗಿರುವುದರಿಂದ ಪ್ರೌಢಶಾಲೆ ದಾಟಿದವರಿಗೆ ಕೊಡುವುದು ಲೇಸು.

ಅದು ಬಂದುದು ಇಂಗ್ಲಿಷಿನಲ್ಲಿ ಎಂಬುದೊಂದೇ ಕೊರಗು. ಅಮರ ಚಿತ್ರಕಥೆಯ ಮೊಟ್ಟಮೊದಲ ಸಂಚಿಕೆಗಳು 1965ರಲ್ಲಿ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಇದೇ ಬೆಂಗಳೂರಿನಲ್ಲಿ, ಕನ್ನಡದಲ್ಲಿಯೇ ಹೊರಬಂದವು. ಮೊದಲು ಹೆಜ್ಜೆಯಿಟ್ಟ ಭಾಷೆ ವಿಜ್ಞಾನದ ಸಾಹಸಕಥೆಗೆ ಬಂದಾಗ ಹಿಂದೆ ಉಳಿಯಬೇಕೆ? ಅಂಗಡಿಗೆ ಹೋದಾಗ ಕನ್ನಡದ ಪುಸ್ತಕವಿದೆಯೇ ಎಂದು ತಪ್ಪದೆ ಕೇಳಿರಿ. ಕೇಳುವವರಿಲ್ಲದ ಸರಕನ್ನು ಯಾವ ವ್ಯಾಪಾರಿಯೂ ತರಿಸುವುದಿಲ್ಲ. ಅಲ್ಲಿಯವರೆಗೆ, ಇಂಗ್ಲಿಷಿನಲ್ಲಿ ಓದಿದ ಕಥೆಯನ್ನು ಮಗು ರಾತ್ರಿ ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಹೇಳುತ್ತ ಹೇಳುತ್ತ ಮಾತು ತಾನಾಗಿ ಪಳಗುತ್ತದೆ.