ಬಕ್ಷೀಸ್ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ

ಕಳೆದ ಶ್ರಾವಣದಲ್ಲಿ ಬೈಲಹೊಂಗಲ ಸೀಮೆಯ ಗ್ರಾಮವೊಂದಕ್ಕೆ ಪುರಾಣ ಪ್ರವಚನಕ್ಕೆಂದು ಹೋಗಿದ್ದೆವು. ಮಂಗಲವಾಗಿ ಜನರೆಲ್ಲ ಪ್ರಸಾದಕ್ಕೆ ಎದ್ದಮೇಲೆ, ಎಪ್ಪತ್ತು ದಾಟಿದ ಹಿರಿಯರೊಬ್ಬರು ನಮ್ಮ ಬಳಿ ಬಂದು ಕುಳಿತರು. ತಾವೇ ದುಡಿದು ಕೊಂಡ ಎಂಟು ಎಕರೆ ಎರೆಹೊಲವನ್ನು ಆರು ವರ್ಷಗಳ ಹಿಂದೆ ಇಬ್ಬರು ಗಂಡುಮಕ್ಕಳಿಗೆ ಬಕ್ಷೀಸ್ ಪತ್ರ ಮಾಡಿಕೊಟ್ಟವರು ಅವರು. ಈಗ ಮಾತ್ರೆಗೆ ಹಣ ಬೇಕಾದರೆ ಸೊಸೆಯಂದಿರ ಮುಖ ನೋಡಬೇಕು. ಉಳಿದಿರುವುದು ಮಡದಿಗೆ ತವರಿನವರು ಕೊಡಿಸಿದ ಮನೆಯೊಂದೇ. “ಅದಕ್ಕೂ ಕಾಗದ ತಯಾರ ಮಾಡ್ಯಾರ್ರಿ ಶಾಸ್ತ್ರಿಗಳ. ಸೋಮವಾರ ಆಕಿ ಹೆಬ್ಬಟ್ಟ ಒತ್ತಬೇಕಂತ ಕುಂತಾರ. ಏನ್ ಮಾಡೂದ್ರಿ?” ಎಂದು ಕೇಳಿದರು.

ಜೀವಿತಕಾಲದಲ್ಲಿಯೇ ಸರ್ವಸ್ವವನ್ನೂ ಮಕ್ಕಳಿಗೆ ಬರೆದುಕೊಡುವುದನ್ನು ವೈರಾಗ್ಯದ ಲಕ್ಷಣವೆಂದು ಹೊಗಳುವ ರೂಢಿ ನಮ್ಮ ಮನೆತನಗಳಲ್ಲಿ ಉಂಟು. ನಾವೂ ವೇದಿಕೆಯ ಮೇಲೆ ನಿಂತು ಹಾಗೆ ಹೊಗಳಿದವರೇ. ಆ ಹಿರಿಯರ ಮುಂದೆ ಕುಳಿತಾಗ ಅದನ್ನು ನೆನೆದು ನಾಚಿಕೆಯಾಯಿತು.

ಬಕ್ಷೀಸ್ ಪತ್ರಕ್ಕೂ ಮೃತ್ಯುಪತ್ರಕ್ಕೂ ಇರುವ ಅಂತರವನ್ನು ಓದುಬಲ್ಲವರೂ ಗಮನಿಸುವುದಿಲ್ಲ. ಬಕ್ಷೀಸ್ ಪತ್ರ ನೋಂದಣಿಯಾಯಿತೆಂದರೆ ಆಸ್ತಿ ಅಂದೇ ಕೈಬಿಟ್ಟಿತು. ಕೊಟ್ಟವನು ಮನಸ್ಸು ಬದಲಾಯಿಸಿದನೆಂದು ಅದು ಮರಳಿ ಬಾರದು. ಮೃತ್ಯುಪತ್ರವಾದರೋ ಬರೆದವನ ಉಸಿರು ನಿಂತ ಬಳಿಕವೇ ಜಾರಿಗೆ ಬರುವಂಥದು. ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ತಿದ್ದಬಹುದು, ರದ್ದುಗೊಳಿಸಬಹುದು. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ಕಡಿಮೆಯೆಂಬ ಕಾರಣಕ್ಕೆ ಮಕ್ಕಳು ಅವಸರಪಡಿಸುತ್ತಾರೆ. ಮೃತ್ಯುಪತ್ರಕ್ಕೆ ಮುದ್ರಾಂಕವೇ ಬೇಡ, ಬಿಳಿಯ ಹಾಳೆ ಸಾಕು ಎಂಬುದನ್ನು ಅವರಿಗೆ ಹೇಳುವವರಿಲ್ಲ.

ಬದುಕಿರುವಾಗಲೇ ಕೊಡಲೇಬೇಕಾದ ಪ್ರಸಂಗ ಬಂದರೆ, ಅರವತ್ತು ತುಂಬಿದವರು ಒಂದು ವಾಕ್ಯವನ್ನು ಮರೆಯಕೂಡದು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಬಗ್ಗೆ 2007ರಲ್ಲಿ ಆದ ಕಾಯಿದೆಯ 23ನೆಯ ಕಲಮಿನ ಪ್ರಕಾರ, ಪಡೆದವರು ಕೊಟ್ಟವರ ಮೂಲಭೂತ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಅವರು ಅದಕ್ಕೆ ತಪ್ಪಿದರೆ, ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿ ಆ ಪತ್ರವನ್ನೇ ಅನೂರ್ಜಿತವೆಂದು ಸಾರಬಹುದು. ಅಂಥ ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿದೆ. ಆದ್ದರಿಂದ ಬಾಯಿಮಾತನ್ನು ನಂಬದೆ ಅದನ್ನು ಪತ್ರದೊಳಗೇ ಬರೆಯಿಸಿರಿ. ನಮ್ಮ ಹಿರಿಯರ ಪತ್ರದಲ್ಲಿ ಆ ಸಾಲು ಇರಲಿಲ್ಲ. ಅದೇ ಕಾಯಿದೆಯಡಿ ಮಕ್ಕಳಿಂದ ಜೀವನಾಂಶ ಕೇಳುವ ದಾರಿ ಮಾತ್ರ ಅವರಿಗೆ ತೆರೆದಿತ್ತು. ಷರತ್ತಿಲ್ಲದಿದ್ದರೂ ಅದು ತಪ್ಪುವುದಿಲ್ಲ.

ಮೃತ್ಯುಪತ್ರ ಬರೆಯುವವರು ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕು. ಸಾಕ್ಷಿಗಳೂ ಅವರೆದುರಿಗೆ ರುಜು ಮಾಡಬೇಕು. ಸಮವಯಸ್ಕ ಗೆಳೆಯರನ್ನು ಸಾಕ್ಷಿಗೆ ಕರೆಯಬೇಡಿರಿ. ಮುಂದೆ ವ್ಯಾಜ್ಯವಾದರೆ ಕಟಕಟೆಯಲ್ಲಿ ನಿಂತು ಹೇಳಲು ಒಬ್ಬನಾದರೂ ಬದುಕಿರಬೇಕಷ್ಟೆ! ಪಾಲು ಪಡೆಯುವವರು ಸಾಕ್ಷಿಯಾಗದಿರುವುದು ಲೇಸು. ನೋಂದಣಿ ಕಡ್ಡಾಯವಲ್ಲವಾದರೂ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿಟ್ಟರೆ ಕಾಗದ ಕಳೆಯಿತೆಂಬ ತಕರಾರು ಬಾರದು. ಬ್ಯಾಂಕಿನಲ್ಲಿ ನಾಮಿನಿ ಬರೆಸಿದ್ದೇವೆ, ಇನ್ನೇಕೆ ಎನ್ನುವವರಿದ್ದಾರೆ. ಠೇವಣಿಯ ನಾಮಿನಿ ಹಣವನ್ನು ಪಡೆದುಕೊಳ್ಳುವವನೇ ಹೊರತು ಅದರ ಒಡೆಯನಲ್ಲ.

ಏನನ್ನೂ ಬರೆಯದೆ ಹೋದರೆ? 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವೀರಶೈವ, ಲಿಂಗಾಯತ ಎಂದು ಹೆಸರಿಸಿಯೇ ನಮ್ಮನ್ನು ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಅದರಂತೆ ಪುರುಷನ ಸ್ವಯಾರ್ಜಿತ ಆಸ್ತಿಯಲ್ಲಿ ಮಡದಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ತಾಯಿ, ಎಲ್ಲರೂ ಸಮಪಾಲುದಾರರು. ಪಿತ್ರಾರ್ಜಿತದಲ್ಲಿ 2005ರ ತಿದ್ದುಪಡಿಯ ಬಳಿಕ ಮಗಳಿಗೂ ಹುಟ್ಟಿನಿಂದಲೇ ಹಕ್ಕು. ಅಂಥ ಅವಿಭಕ್ತ ಆಸ್ತಿಯಲ್ಲಿ ತಂದೆ ಮೃತ್ಯುಪತ್ರ ಬರೆಯಬಹುದಾದದ್ದು ತನ್ನ ಪಾಲಿಗೆ ಮಾತ್ರ. ಅರಿಶಿನ ಕುಂಕುಮಕ್ಕೆ ಇಷ್ಟೆಂದು ಕೊಟ್ಟು ಹಕ್ಕುಬಿಡುಗಡೆಗೆ ಸಹಿ ಮಾಡಿಸಿಕೊಳ್ಳುವ ಅಣ್ಣತಮ್ಮಂದಿರನ್ನು ನಾವು ಬಹಳ ಕಂಡಿದ್ದೇವೆ. ತವರು ತಪ್ಪೀತೆಂಬ ಭಯದಿಂದ ಹಾಕಿದ ಆ ಸಹಿಯನ್ನು ಪ್ರೀತಿಯೆಂದು ಕರೆಯಲು ನಮ್ಮ ನಾಲಿಗೆ ಏಳದು.

ಮಠದ ಅನ್ನ ಉಂಡು ಅಕ್ಷರ ಕಲಿತವರು ನಾವು. ಆದರೂ ಹೇಳುತ್ತೇವೆ: ಮಠಕ್ಕೆ ಬರೆಯಬೇಕೆನ್ನುವವರು ಮೊದಲು ಮಡದಿಗೆ ಬರೆಯಿರಿ. ಇರುವ ಮನೆ ಆಕೆಗೆ ಪೂರ್ಣ ಸ್ವಾಮ್ಯಕ್ಕೋ, ಜೀವಮಾನದ ವಾಸಕ್ಕೋ ಎಂಬುದನ್ನು ಸ್ಪಷ್ಟಪಡಿಸಿರಿ. ನಾವು ಕಳೆದ ವರ್ಷ ಬರೆದಿಟ್ಟ ಪತ್ರದಲ್ಲಿ ಮನೆ ಮಡದಿಗೆ, ಪುಸ್ತಕಗಳು ಮಠದ ಗ್ರಂಥಾಲಯಕ್ಕೆ. ಬೇರೇನೂ ಇಲ್ಲವಾದ್ದರಿಂದ ಒಂದೇ ಹಾಳೆಯಲ್ಲಿ ಮುಗಿಯಿತು.

ಆ ಹಿರಿಯರಿಗೆ, ಸೋಮವಾರದ ಕಾಗದ ಬೇಡ, ಮನೆ ತಾಯಿಯ ಹೆಸರಿನಲ್ಲಿಯೇ ಇರಲಿ ಎಂದೆವು. ಜೀವನಾಂಶದ ಮಾತೆತ್ತಿದಾಗ, “ಮಕ್ಕಳ ಮ್ಯಾಲ ಅರ್ಜಿ ಕೊಟ್ಟು ಊರಾಗ ಹೆಂಗ ತಿರಗ್ಯಾಡ್ಲಿರಿ?” ಎಂದು ತಲೆ ತಗ್ಗಿಸಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಆ ಊರಿನವರೊಬ್ಬರು ಸಿಕ್ಕರು. ತಾಯಿ ಹೆಬ್ಬೆಟ್ಟು ಒತ್ತಿದ್ದು ಮೃತ್ಯುಪತ್ರಕ್ಕೆ. ಪತಿಗೆ ಜೀವವಿರುವವರೆಗೆ ವಾಸದ ಹಕ್ಕು, ಆಮೇಲೆ ಮಗಳನ್ನೂ ಸೇರಿಸಿ ಮೂವರು ಮಕ್ಕಳಿಗೂ ಸಮಪಾಲು ಎಂದು ಬರೆಸಿದ್ದಾರಂತೆ. ಹಿರಿಯ ಮಗ ಮಾತು ಬಿಟ್ಟಿದ್ದಾನೆ. ಕಿರಿಯ ಸೊಸೆ ಮಾತ್ರ ತಿಂಗಳ ಮಾತ್ರೆಗಳನ್ನು ತರಿಸಿಕೊಡುತ್ತಿದ್ದಾಳೆಂದು ಅವರು ತಿಳಿಸಿದರು.